ಯಾರೂ ಹುಡುಕದ ಹುಡುಗಿ: ‘ಪಿಕ್ನಿಕ್ ಅಟ್ ಹ್ಯಾಂಗಿಂಗ್ ರಾಕ್’ ಕಾದಂಬರಿಯ ಒಳಸಾಕ್ಷ್ಯ ಕುರಿತು

ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದಲ್ಲಿ, ಮೆಲ್ಬರ್ನ್ ನಗರದಿಂದ ವಾಯವ್ಯಕ್ಕೆ ಸುಮಾರು 70 ಕಿಲೋಮೀಟರ್ ದೂರದಲ್ಲಿ, ಮೆಸಿಡನ್ ಬೆಟ್ಟದ ಮಗ್ಗುಲಿಗೆ ಹ್ಯಾಂಗಿಂಗ್ ರಾಕ್ ಎಂಬ ಕಲ್ಲುಗುಡ್ಡವಿದೆ. ಜೋನ್ ಲಿಂಡ್ಸೆ ಅವರ ‘ಪಿಕ್ನಿಕ್ ಅಟ್ ಹ್ಯಾಂಗಿಂಗ್ ರಾಕ್’ (1967) ಕಾದಂಬರಿಯ ಕಥೆ ನಡೆಯುವುದು ಈ ಗುಡ್ಡದ ಮೇಲೆ ಮತ್ತು ಇದರ ಸುತ್ತಿನ ಹಳ್ಳಿಗಾಡಿನಲ್ಲಿ. 1900ರ ಫೆಬ್ರುವರಿ 14ರಂದು ಆಪಲ್‌ಯಾರ್ಡ್ ಕಾಲೇಜೆಂಬ ವಸತಿ ಶಾಲೆಯ ಹುಡುಗಿಯರು ಅಲ್ಲಿಗೆ ವನಭೋಜನಕ್ಕೆ ಹೋಗುತ್ತಾರೆ. ಊಟವಾದ ಮೇಲೆ ಮಿರಾಂಡಾ, ಮೇರಿಯನ್, ಇರ್ಮಾ, ಈಡಿತ್ ಎಂಬ ನಾಲ್ವರು ಹಳ್ಳ ದಾಟಿ ಬಂಡೆ ಹತ್ತುತ್ತಾರೆ. ಈಡಿತ್ ಕಿರುಚಿಕೊಂಡು ಓಡಿ ಬರುತ್ತಾಳೆ, ಉಳಿದ ಮೂವರು ಬರುವುದಿಲ್ಲ. ಗಣಿತದ ಉಪಾಧ್ಯಾಯಿನಿ ಗ್ರೆಟಾ ಮೆಕ್ರಾ ಕೂಡ ಕಾಣೆಯಾಗುತ್ತಾರೆ. ಸುಮಾರು ಒಂದು ವಾರದ ಮೇಲೆ ಇರ್ಮಾ ಬಂಡೆಯ ಮೇಲೆ ಜೀವಂತವಾಗಿ ಸಿಗುತ್ತಾಳೆ. ಆದರೆ ಅವಳಿಗೆ ನಡೆದುದೊಂದೂ ನೆನಪಿಲ್ಲ. ಉಳಿದ ಮೂವರು ಏನಾದರೆಂದು ಕಾದಂಬರಿ ಮುಗಿದರೂ ತಿಳಿಯುವುದಿಲ್ಲ.

ಈ ಕೃತಿಯ ಬಗೆಗಿನ ಚರ್ಚೆ ಬಹುಪಾಲು ಒಂದೇ ಪ್ರಶ್ನೆಯ ಸುತ್ತ ತಿರುಗಿದೆ: ಹುಡುಗಿಯರು ಎಲ್ಲಿ ಹೋದರು? ಆ ಪ್ರಶ್ನೆಗೆ ಹೊಸ ಉತ್ತರ ಕೊಡುವುದು ಈ ಟಿಪ್ಪಣಿಯ ಉದ್ದೇಶವಲ್ಲ. ಅದೇ ಪುಟಗಳಲ್ಲಿ ಇನ್ನೊಬ್ಬ ಹುಡುಗಿ ಕಳೆದುಹೋಗಿದ್ದಾಳೆ. ಅವಳ ಕುಟುಂಬದ ಗುಟ್ಟನ್ನು ಬಿಡಿಸಲು ಬೇಕಾದ ಸಾಕ್ಷ್ಯವನ್ನೆಲ್ಲ ಲೇಖಕಿ ಪಠ್ಯದೊಳಗೇ ಇಟ್ಟಿದ್ದಾರೆ. ಅದನ್ನು ಒಂದೆಡೆ ಕೂಡಿಸಿ ನೋಡುವ ಪ್ರಯತ್ನ ಇದು.

ಮೊದಲು ಹೊರಗಿನ ಸಾಕ್ಷ್ಯವನ್ನು ಮುಗಿಸಿಕೊಳ್ಳೋಣ. ಇದು ನಿಜವಾಗಿ ನಡೆದ ಘಟನೆಯೆಂದು ಬಹಳ ಓದುಗರು ನಂಬಿದ್ದಾರೆ. ಆ ನಂಬಿಕೆಗೆ ಕೃತಿಯ ಆರಂಭದ ಟಿಪ್ಪಣಿಯೇ ಕಾರಣ. ಇದು ನಿಜವೋ ಕಲ್ಪನೆಯೋ ಎಂಬುದನ್ನು ಓದುಗರೇ ತೀರ್ಮಾನಿಸಿಕೊಳ್ಳಲಿ, ಇದರಲ್ಲಿ ಬರುವವರೆಲ್ಲ ತೀರಿಕೊಂಡು ಎಷ್ಟೋ ಕಾಲವಾಯಿತು ಎಂಬ ಅರ್ಥದ ಮಾತನ್ನು ಲಿಂಡ್ಸೆ ಅಲ್ಲಿ ಬರೆದಿದ್ದಾರೆ. ಪಂಚಾಂಗ ಮಾತ್ರ ಬೇರೆಯೇ ಹೇಳುತ್ತದೆ. ಕಾದಂಬರಿಯ ಪ್ರಕಾರ ಆ ದಿನ ಶನಿವಾರ. 1900ರ ಜನವರಿ 1 ಸೋಮವಾರವಾಗಿತ್ತು, ಅಲ್ಲಿಂದ ಎಣಿಸಿದರೆ ಫೆಬ್ರುವರಿ 14 ಬುಧವಾರ ಬೀಳುತ್ತದೆ. ಆ ದಿನಾಂಕ ಶನಿವಾರವೇ ಬಿದ್ದದ್ದು 1903ರಲ್ಲಿ, ಮತ್ತೆ 1914ರಲ್ಲಿ. ಇದರಿಂದ ಘಟನೆ ಆ ವರ್ಷಗಳಲ್ಲಿ ನಡೆದಿರಬೇಕೆಂದು ಊಹಿಸುವುದು ತಪ್ಪಾಗುತ್ತದೆ. ದಾಖಲೆ ನೋಡಿ ಬರೆಯುವವರು ವಾರದ ಹೆಸರಿನಲ್ಲಿ ಎಡವುವುದಿಲ್ಲ, ಲಿಂಡ್ಸೆ ದಾಖಲೆ ನೋಡಿ ಬರೆದಿಲ್ಲ ಎಂಬಷ್ಟನ್ನು ಮಾತ್ರ ಇದರಿಂದ ಹೇಳಬಹುದು.

ಹಾಗಾದರೆ ಅವರು ಏನನ್ನು ನೋಡಿ ಬರೆದರು? ಮೆಲ್ಬರ್ನಿನ ವಿಕ್ಟೋರಿಯಾ ರಾಷ್ಟ್ರೀಯ ಕಲಾಗ್ಯಾಲರಿಯಲ್ಲಿ ವಿಲಿಯಂ ಫೋರ್ಡ್ 1875ರಲ್ಲಿ ಬರೆದ ‘ಅಟ್ ದ ಹ್ಯಾಂಗಿಂಗ್ ರಾಕ್’ ಎಂಬ ವರ್ಣಚಿತ್ರವಿದೆ. ಬಂಡೆಯ ನೆರಳಲ್ಲಿ ಕೂತ, ತಿರುಗಾಡುವ ವನಭೋಜನದ ಜನ ಅದರಲ್ಲಿದ್ದಾರೆ. ಜೋನ್ ಅವರ ಪತಿ ಡ್ಯಾರಿಲ್ ಲಿಂಡ್ಸೆ 1940–50ರ ದಶಕಗಳಲ್ಲಿ ಆ ಕಲಾಗ್ಯಾಲರಿಯ ನಿರ್ದೇಶಕರಾಗಿದ್ದರು. ಜೋನ್ ಓದಿದ ಕ್ಲೈಡ್ ಎಂಬ ಹೆಣ್ಣುಮಕ್ಕಳ ಶಾಲೆ ಅವರ ಕಾಲದಲ್ಲಿ ಮೆಲ್ಬರ್ನಿನಲ್ಲೇ ಇತ್ತು, 1919ರಲ್ಲಿ ಹ್ಯಾಂಗಿಂಗ್ ರಾಕ್‌ಗೆ ಹತ್ತಿರದ ವುಡೆಂಡ್ ಪ್ರದೇಶಕ್ಕೆ ಹೋಯಿತು. ಜೊತೆಗೆ ಗಡಿಯಾರದ ಕಾಲದ ಬಗ್ಗೆ ಅವರಿಗೆ ಬದುಕಿನುದ್ದಕ್ಕೂ ಒಂದು ಬಗೆಯ ಅಪನಂಬಿಕೆಯಿತ್ತು. 1962ರಲ್ಲಿ ಬಂದ ಅವರ ಆತ್ಮವೃತ್ತಾಂತದ ಹೆಸರೇ ‘ಟೈಮ್ ವಿದೌಟ್ ಕ್ಲಾಕ್ಸ್’. ಕಾದಂಬರಿಯಲ್ಲಿ ಗಾಡಿ ಹೊಡೆಯುವ ಹಸ್ಸಿಯ ಗಡಿಯಾರವೂ ಮೆಕ್ರಾ ಅವರ ಗಡಿಯಾರವೂ ಬಂಡೆಯ ಬುಡದಲ್ಲಿ ಸರಿಯಾಗಿ 12 ಗಂಟೆಗೆ ನಿಂತುಹೋಗುತ್ತವೆ. 1896ರಲ್ಲಿ ಹುಟ್ಟಿದ ಲಿಂಡ್ಸೆ 70ರ ಹೊತ್ತಿಗೆ ತಮ್ಮ ಮಲ್ಬರಿ ಹಿಲ್ ಮನೆಯಲ್ಲಿ ಕೂತು ಕೆಲವೇ ವಾರಗಳಲ್ಲಿ ಈ ಕಥೆ ಬರೆದರು.

ಇನ್ನು 18ನೆಯ ಅಧ್ಯಾಯದ ವಿಚಾರ. ಹಸ್ತಪ್ರತಿಯಲ್ಲಿ ಕೊನೆಗೆ ಒಂದು ಅಧ್ಯಾಯವಿತ್ತು. ಚೆಷೈರ್ ಪ್ರಕಾಶನದ ಸಂಪಾದಕಿ ಸಾಂಡ್ರಾ ಫೋರ್ಬ್ಸ್ ಅದನ್ನು ಬಿಡಬೇಕೆಂದು ಸೂಚಿಸಿದರು, ಲೇಖಕಿ ಒಪ್ಪಿದರು. ಲಿಂಡ್ಸೆ 1984ರಲ್ಲಿ ತೀರಿಕೊಂಡರು. ಅದಾದ ಮೇಲೆ, 1987ರಲ್ಲಿ, ಆ ಅಧ್ಯಾಯ ‘ದ ಸೀಕ್ರೆಟ್ ಆಫ್ ಹ್ಯಾಂಗಿಂಗ್ ರಾಕ್’ ಎಂಬ ಹೆಸರಿನಲ್ಲಿ ಅಚ್ಚಾಯಿತು. ಅದರಲ್ಲಿ ಹುಡುಗಿಯರು ಕಳಚಿ ಎಸೆದ ಒಳಕವಚಗಳು ನೆಲಕ್ಕೆ ಬೀಳದೆ ಗಾಳಿಯಲ್ಲೇ ನಿಲ್ಲುತ್ತವೆ, ಕಾಲ ಸ್ತಬ್ಧವಾಗುತ್ತದೆ, ಒಬ್ಬೊಬ್ಬರೇ ಬಂಡೆಯೊಳಗಿನ ರಂಧ್ರಕ್ಕೆ ಇಳಿಯುತ್ತಾರೆ, ಇರ್ಮಾ ಮಾತ್ರ ಹೊರಗೆ ಉಳಿಯುತ್ತಾಳೆ. ಇದು ಬರುವ ಮೊದಲೇ, 1980ರಲ್ಲಿ, ಇವೊನ್ ರೂಸೋ ಎಂಬ ವಿಮರ್ಶಕಿ ‘ದ ಮರ್ಡರ್ಸ್ ಅಟ್ ಹ್ಯಾಂಗಿಂಗ್ ರಾಕ್’ ಎಂಬ ಪುಸ್ತಕದಲ್ಲಿ ನಾಲ್ಕು ಬೇರೆಬೇರೆ ಪರಿಹಾರಗಳನ್ನು ಕಟ್ಟಿಕೊಟ್ಟಿದ್ದರು. ಫೋರ್ಬ್ಸ್ ಅವರ ಸಲಹೆ ಸರಿಯಾಗಿತ್ತು ಎಂಬುದು ನನ್ನ ಅಭಿಪ್ರಾಯ. ಆ ಅಧ್ಯಾಯವನ್ನು ಓದಿದರೂ ಉಳಿದ 17 ಅಧ್ಯಾಯಗಳ ಒಂದು ಸಾಲಿನ ಅರ್ಥವೂ ಬದಲಾಗುವುದಿಲ್ಲ. ಕೀಲಿ ಅಲ್ಲಿರಲಿಲ್ಲ.

ಈಗ ಒಳಸಾಕ್ಷ್ಯಕ್ಕೆ ಬರೋಣ.

ಶಾಲೆಯಲ್ಲಿ ಸಾರಾ ವೇಬೋರ್ನ್ ಎಂಬ 13 ವರ್ಷದ ಹುಡುಗಿಯಿದ್ದಾಳೆ. ಅಪ್ಪ ಅಮ್ಮ ಇಲ್ಲ, ಅನಾಥಾಲಯದಿಂದ ಬಂದವಳು. ಅವಳ ಶುಲ್ಕ ಕಟ್ಟುವ ಪೋಷಕ ದೂರದಲ್ಲೆಲ್ಲೋ ಇದ್ದಾನೆ, ಹಣ ಬರುವುದು ನಿಂತಿದೆ. ಒಂದು ಪದ್ಯ ಬಾಯಿಪಾಠ ಮಾಡಲಿಲ್ಲವೆಂದು ಮುಖ್ಯಸ್ಥೆ ಮಿಸೆಸ್ ಆಪಲ್‌ಯಾರ್ಡ್ ಅವಳನ್ನು ವನಭೋಜನಕ್ಕೆ ಕಳಿಸದೆ ಶಾಲೆಯಲ್ಲೇ ಉಳಿಸಿಕೊಳ್ಳುತ್ತಾಳೆ. ಸಾರಾಳಿಗೆ ಶಾಲೆಯಲ್ಲಿ ಆಪ್ತಳೆಂದರೆ ಮಿರಾಂಡಾ ಒಬ್ಬಳೇ. ಅದಕ್ಕೂ ಹಿಂದಿನ ದಿನಗಳಲ್ಲಿ ಅವಳನ್ನು ಪ್ರೀತಿಸಿದವನು ಅನಾಥಾಲಯದಲ್ಲಿ ಜೊತೆಗಿದ್ದ ಅಣ್ಣ. ಅವನ ಹೆಸರು ಅವಳ ನೆನಪಿನಲ್ಲಿ ‘ಬರ್ಟಿ’.

ಬಂಡೆಯ ಬುಡದಲ್ಲಿ ಅದೇ ದಿನ ಇನ್ನೊಂದು ಬಿಡಾರ ಊಟಕ್ಕೆ ಕೂತಿದೆ. ಬೇಸಿಗೆ ಕಳೆಯಲು ಮೆಸಿಡನ್ ಬೆಟ್ಟಕ್ಕೆ ಬಂದ ಕರ್ನಲ್ ಫಿಟ್ಸ್‌ಹ್ಯೂಬರ್ಟ್ ದಂಪತಿ, ಇಂಗ್ಲೆಂಡಿನಿಂದ ಬಂದ ಅವರ ಸೋದರಳಿಯ ಮೈಕೆಲ್, ಮತ್ತು ಅವರ ಗಾಡಿ ಹೊಡೆಯುವ ಆಳು ಆಲ್ಬರ್ಟ್ ಕ್ರಂಡಲ್. ಆಲ್ಬರ್ಟ್ ಅನಾಥಾಲಯದಲ್ಲಿ ಬೆಳೆದವನು. ತನಗೊಬ್ಬಳು ತಂಗಿಯಿದ್ದಳು, ಅಲ್ಲಿಂದ ಬಿಟ್ಟ ಮೇಲೆ ಅವಳನ್ನು ಕಂಡಿಲ್ಲ ಎಂದು ಅವನು ಮೈಕೆಲ್‌ಗೆ ಹೇಳುತ್ತಾನೆ. ಅವಳಿಗೆ ಪ್ಯಾನ್ಸಿ ಹೂವೆಂದರೆ ಇಷ್ಟವಿತ್ತು ಎಂಬುದು ಅವನಿಗೆ ನೆನಪಿದೆ.

ಕಾದಂಬರಿಯ ಕೊನೆಯ ಭಾಗದಲ್ಲಿ ಆಲ್ಬರ್ಟ್ ಒಂದು ಕನಸು ಕಾಣುತ್ತಾನೆ. ಕೋಣೆಯಲ್ಲಿ ಪ್ಯಾನ್ಸಿ ಹೂವಿನ ಕಂಪು ತುಂಬಿದೆ, ತಂಗಿ ಬಂದು ಅವನನ್ನು ಮಾತಾಡಿಸಿ, ಬೀಳ್ಕೊಟ್ಟು ಹೋಗುತ್ತಾಳೆ. ಅತ್ತ ಶಾಲೆಯಲ್ಲಿ ಸಾರಾ ಕಾಣೆಯಾದ ಸಮಯಕ್ಕೆ ಈ ಕನಸು ಹೊಂದಿಕೊಳ್ಳುತ್ತದೆ. ಅವಳ ಪೋಷಕ ಬಂದು ಕರೆದುಕೊಂಡು ಹೋದನೆಂದು ಮಿಸೆಸ್ ಆಪಲ್‌ಯಾರ್ಡ್ ಎಲ್ಲರಿಗೂ ಹೇಳಿರುತ್ತಾಳೆ. ಆಮೇಲೆ ತೋಟದ ಮಾಲಿಗೆ ಹೈಡ್ರೇಂಜಿಯ ಗಿಡಗಳ ನಡುವೆ ಸಾರಾಳ ಶವ ಸಿಗುತ್ತದೆ.

ಆಲ್ಬರ್ಟ್ ಮತ್ತು ಸಾರಾ ಒಡಹುಟ್ಟಿದವರು ಎಂದು ಕಾದಂಬರಿಯ ಯಾವ ಪಾತ್ರವೂ ಹೇಳುವುದಿಲ್ಲ. ಆ ಸಂಬಂಧ ಯಾರಿಗೂ ಗೊತ್ತಾಗುವುದೇ ಇಲ್ಲ. ಹೀಗಾಗಿ ಎದುರುವಾದವನ್ನೂ ತೂಗಿ ನೋಡಬೇಕು. ಒಂದು, ಇಬ್ಬರ ಅಡ್ಡಹೆಸರು ಬೇರೆ. ಇದು ಗಟ್ಟಿ ಆಕ್ಷೇಪವೇ ಹೌದು. ಆದರೆ ಅನಾಥಾಲಯದ ಮಕ್ಕಳಿಗೆ ಸಾಕಿದವರ ಹೆಸರು ಅಂಟಿಕೊಳ್ಳುವುದು ಅಪರೂಪದ ಸಂಗತಿಯಲ್ಲ, ಪೋಷಕನೊಬ್ಬನ ಆಶ್ರಯದಲ್ಲಿ ಶಾಲೆ ಸೇರಿದ ಹುಡುಗಿಯ ವಿಷಯದಲ್ಲಂತೂ ಅದನ್ನೇ ನಿರ್ಣಾಯಕವೆಂದು ಹಿಡಿಯಲಾಗದು. ಎರಡು, ಇದೆಲ್ಲ ಕಾಕತಾಳೀಯವಾಗಿರಬಹುದು. ಅನಾಥಾಲಯ ಒಂದನ್ನೇ ತೆಗೆದುಕೊಂಡರೆ ಹೌದೆನ್ನಬಹುದು, ಹೆಸರೊಂದನ್ನೇ ತೆಗೆದುಕೊಂಡರೂ ಹೌದು, ಆಲ್ಬರ್ಟ್ ಎಂಬ ಹಲವರನ್ನು ಮನೆಯಲ್ಲಿ ಬರ್ಟಿ ಎಂದು ಕರೆಯುವುದುಂಟು. ಹೆಸರು, ಅನಾಥಾಲಯ, ಹೂವು, ಕನಸಿನ ಸಮಯ ಇವು ನಾಲ್ಕೂ ಒಂದೇ ಕಡೆ ಬೆರಳು ತೋರಿದಾಗ ಕಾಕತಾಳೀಯವೆನ್ನಲು ಧೈರ್ಯ ಸಾಲದು. ಕನಸಿನ ಪ್ರಸಂಗವನ್ನು ತೆಗೆದುಬಿಟ್ಟರೆ ಕಥೆಯ ನಡೆಗೆ ಕಿಂಚಿತ್ತೂ ಕುಂದಿಲ್ಲ. ಒಡಹುಟ್ಟಿನ ಸಂಬಂಧವನ್ನು ಓದುಗರಿಗೆ ಮುಟ್ಟಿಸುವುದೊಂದೇ ಆ ಪ್ರಸಂಗಕ್ಕಿರುವ ಕೆಲಸ. ಹಾಗಾಗಿ ಈ ಸಂಬಂಧ ಲೇಖಕಿ ಉದ್ದೇಶಪೂರ್ವಕವಾಗಿಯೇ ಕಟ್ಟಿದ್ದು ಎಂಬ ನಿಲುವಿಗೆ ನಾನು ಬಂದಿದ್ದೇನೆ.

ಇದನ್ನೊಪ್ಪಿದರೆ ಕಾದಂಬರಿಯ ಆರಂಭ ಬೇರೆಯೇ ಆಗಿ ಕಾಣುತ್ತದೆ. ಹುಡುಗಿಯರು ಹಳ್ಳ ದಾಟುವಾಗ ಅವರನ್ನು ನೋಡಿದವರು ಇಬ್ಬರು: ಮೈಕೆಲ್ ಮತ್ತು ಆಲ್ಬರ್ಟ್. ಸಾರಾಳಿಗೆ ಶಿಕ್ಷೆಯಾಗದೆ ಇದ್ದಿದ್ದರೆ ಅವಳೂ ಆ ದಿನ ಆ ಹಳ್ಳದ ದಂಡೆಯಲ್ಲಿರುತ್ತಿದ್ದಳು, ಮಿರಾಂಡಾಳ ಸೆರಗು ಬಿಟ್ಟು ಇರುವವಳೇ ಅಲ್ಲ. ಅಣ್ಣ ತಂಗಿ ಕೆಲವು ಮಾರು ದೂರದಲ್ಲಿ ಎದುರುಬದುರಾಗಬಹುದಾಗಿದ್ದ ಒಂದೇ ಒಂದು ದಿನ ಅದು. ಒಂದು ಪದ್ಯದ ನೆಪದಲ್ಲಿ ಆ ಭೇಟಿ ತಪ್ಪಿತು. ಕಾದಂಬರಿಯ ದುರಂತ ಬಂಡೆಯ ನೆತ್ತಿಯಲ್ಲಿ ಶುರುವಾಗುತ್ತದೆ ಎಂದುಕೊಂಡು ನಾವು ಓದುತ್ತೇವೆ. ಅದು ಬೆಳಿಗ್ಗೆ ಗಾಡಿ ಹೊರಡುವ ಹೊತ್ತಿಗೇ, ಶಾಲೆಯ ಬಾಗಿಲಲ್ಲೇ ಶುರುವಾಗಿತ್ತು.

ಹುಡುಕಾಟದ ಪುಟಗಳನ್ನೂ ಇದೇ ಕಣ್ಣಿನಿಂದ ಓದಬೇಕು. ಪೊಲೀಸರು, ಊರಿನ ಸ್ವಯಂಸೇವಕರು, ಬೇಟೆನಾಯಿ, ಆದಿವಾಸಿ ಜಾಡುಗಾರ ಎಲ್ಲರೂ ಬಂಡೆಯನ್ನು ಜಾಲಾಡುತ್ತಾರೆ. ಮೈಕೆಲ್ ಹುಡುಕಲು ಹೋಗಿ ಬಂಡೆಯ ಮೇಲೆ ಕುಸಿದು ಬೀಳುತ್ತಾನೆ. ಅವನನ್ನು ಕಂಡುಹಿಡಿಯುವವನು ಆಲ್ಬರ್ಟ್. ಮೈಕೆಲ್ ಬಳಿಯಿದ್ದ ಚೀಟಿಯ ಜಾಡು ಹಿಡಿದು ಮತ್ತೆ ಬಂಡೆಗೆ ಹೋಗಿ ಇರ್ಮಾಳನ್ನು ಹುಡುಕುವವನೂ ಆಲ್ಬರ್ಟೇ. ಇಡೀ ಕಾದಂಬರಿಯಲ್ಲಿ ಕಳೆದುಹೋದವರನ್ನು ನಿಜವಾಗಿ ಹುಡುಕಿಕೊಟ್ಟವನು ಅವನೊಬ್ಬನೇ. ಇರ್ಮಾಳ ಶ್ರೀಮಂತ ತಂದೆ ಅವನಿಗೆ 1000 ಪೌಂಡಿನ ಚೆಕ್ ಕಳಿಸುತ್ತಾನೆ. ಅವನ ಸ್ವಂತ ತಂಗಿ ಅದೇ ಬೆಟ್ಟದ ಆಸುಪಾಸಿನ ಶಾಲೆಯೊಂದರಲ್ಲಿ ಶುಲ್ಕದ ಹಣವಿಲ್ಲದೆ ಅವಮಾನ ಉಣ್ಣುತ್ತಿರುತ್ತಾಳೆ. ಕಂಕುಳಲ್ಲಿ ಮಗು ಇಟ್ಟುಕೊಂಡು ಊರೆಲ್ಲ ಹುಡುಕಿದರು ಎಂಬ ನಮ್ಮ ಗಾದೆ ಈ ಕಾದಂಬರಿಗೆ ಹೊಂದುವಷ್ಟು ಬೇರೆ ಯಾವ ಕೃತಿಗೂ ಹೊಂದಲಾರದು.

ಒಂದು ದೃಶ್ಯವನ್ನು ಬಿಡಿಯಾಗಿಯೇ ನೋಡಬೇಕು. ಚೇತರಿಸಿಕೊಂಡ ಇರ್ಮಾ ಬೀಳ್ಕೊಡುಗೆಗೆಂದು ಶಾಲೆಗೆ ಬರುತ್ತಾಳೆ. ವ್ಯಾಯಾಮದ ಕೋಣೆಯಲ್ಲಿ ಹುಡುಗಿಯರೆಲ್ಲ ಅವಳನ್ನು ಮುತ್ತಿಕೊಂಡು, ಎಳೆದಾಡಿ, ಏನಾಯಿತು ಹೇಳು ಎಂದು ಕಿರುಚುತ್ತಾರೆ. ಗದ್ದಲ ಅಡಗಿ ಕೋಣೆ ಖಾಲಿಯಾದ ಮೇಲೆ ಫ್ರೆಂಚ್ ಉಪಾಧ್ಯಾಯಿನಿಗೆ ಇನ್ನೊಂದು ಕಾಣುತ್ತದೆ: ಬೆನ್ನು ನೆಟ್ಟಗಾಗಲೆಂದು ಹಲಗೆಗೆ ಪಟ್ಟಿ ಬಿಗಿದು ಮಲಗಿಸಿದ್ದ ಸಾರಾ ಅಲ್ಲೇ, ಅದೇ ಕೋಣೆಯಲ್ಲಿ, ಬಿಚ್ಚುವವರಿಲ್ಲದೆ ಉಳಿದಿದ್ದಾಳೆ. ನೆನಪಿಲ್ಲದವಳನ್ನು ಎಲ್ಲರೂ ಕೇಳಿದರು, ಹೇಳಲು ಮಾತಿದ್ದವಳನ್ನು ಯಾರೂ ಕೇಳಲಿಲ್ಲ. ಲಿಂಡ್ಸೆ ಈ ಕೃತಿಯನ್ನು ಹೇಗೆ ಕಟ್ಟಿದ್ದಾರೆ ಎಂಬುದಕ್ಕೆ ಈ ಒಂದು ಪುಟವೇ ಸಾಕಾದ ಪುರಾವೆ. ಬಂಡೆಯದು ಉತ್ತರವಿಲ್ಲದ ಪ್ರಶ್ನೆ, ಸಾರಾಳದು ಕೇಳುವವರಿಲ್ಲದ ಉತ್ತರ.

ಚಲನಚಿತ್ರದ ಬಗ್ಗೆ ಚಿಕ್ಕದಾಗಿ. ಪೀಟರ್ ವಿಯರ್ ನಿರ್ದೇಶನದ 1975ರ ಚಿತ್ರ ಜಗತ್ತಿಗೆಲ್ಲ ಈ ಕಥೆಯನ್ನು ಪರಿಚಯಿಸಿತು. ರಸೆಲ್ ಬಾಯ್ಡ್ ಮಸೂರಕ್ಕೆ ಮದುಮಗಳ ಮುಸುಕಿನ ಬಟ್ಟೆ ಹೊದಿಸಿ ಚಿತ್ರಿಸಿದ ಬಿಸಿಲು, ಝಾಂಫಿರ್ ನುಡಿಸಿದ ಕೊಳಲು, ಮಿರಾಂಡಾ ತಿರುಗಿ ನೋಡುವ ಆ ನೋಟ ಇವು ಮರೆಯುವಂಥವಲ್ಲ. ಚಿತ್ರದಲ್ಲಿ ಹಲಗೆಯ ದೃಶ್ಯವೂ ಉಳಿದಿದೆ, ಆಲ್ಬರ್ಟ್ ಕನಸೂ ಉಳಿದಿದೆ. ಆದರೂ ನೋಡಿದವರ ಮನಸ್ಸಿನಲ್ಲಿ ನಿಲ್ಲುವವಳು ಮಿರಾಂಡಾ. ಚೆಲುವು ಅಷ್ಟು ಕಣ್ಣು ತುಂಬಿದಾಗ ಮೂಲೆಯಲ್ಲಿರುವ ಮಗು ಮಂಕಾಗುತ್ತದೆ. ಪುಸ್ತಕ ಓದುವಾಗ ನಾವೇ ನಿಂತು ಹಿಂದಿನ ಪುಟಕ್ಕೆ ಹೋಗಬಹುದು, ತೆರೆಯ ಮುಂದೆ ಕೂತಾಗ ಅದಾಗದು.

ಇಲ್ಲಿ ಗುಡ್ಡದ ಇತಿಹಾಸವನ್ನೂ ಹೇಳದೆ ಮುಂದುವರಿಯುವಂತಿಲ್ಲ. ಸುಮಾರು 60 ಲಕ್ಷ ವರ್ಷಗಳ ಹಿಂದೆ, ಮಂದವಾದ ಲಾವಾ ನೆಲದ ಬಿರುಕಿನಿಂದ ಉಬ್ಬಿ ಬಂದು ಹರಿಯದೆ ಅಲ್ಲಲ್ಲೇ ಹೆಪ್ಪುಗಟ್ಟಿ ಈ ಗುಡ್ಡವಾಯಿತು. ಸುತ್ತಲಿನ ಬಯಲಿನಿಂದ ಅದರ ಎತ್ತರ ನೂರು ಮೀಟರಿಗೆ ತುಸು ಹೆಚ್ಚು. ಥಾಮಸ್ ಮಿಚೆಲ್ 1836ರಲ್ಲಿ ಪಕ್ಕದ ಬೆಟ್ಟಕ್ಕೆ ಮೆಸಿಡನ್ ಎಂದು ಹೆಸರಿಟ್ಟ, ಗ್ರೀಕ್ ಹೆಸರುಗಳ ಆ ಸಾಲಿನಲ್ಲೇ ಈ ಗುಡ್ಡಕ್ಕೂ ಡಯೋಜಿನಿಸ್ ಎಂಬ ಹೆಸರು ಬಿತ್ತು. ಅದಕ್ಕೆ ಮುಂಚೆ ಇದು ಜಾ ಜಾ ವುರುಂಗ್, ವೊಯಿ ವುರುಂಗ್, ಟೌಂಗುರುಂಗ್ ಜನರ ನೆಲ. ವಲಸೆ ಬಂದವರ ಕುರಿಮಂದೆಗಳು, ಅವರು ತಂದ ರೋಗಗಳು, ಬಂದೂಕು ಇವುಗಳಿಂದ ಕೆಲವೇ ದಶಕಗಳಲ್ಲಿ ಆ ಜನ ಚದುರಿದರು. ಬದುಕುಳಿದವರಲ್ಲಿ ಹಲವರು 1863ರಲ್ಲಿ ಸ್ಥಾಪನೆಯಾದ ಕೊರಾಂಡರ್ಕ್ ವಸತಿಗೆ ಸೇರಿದರು. 1886ರಲ್ಲಿ ವಿಕ್ಟೋರಿಯಾ ಸರಕಾರ ತಂದ ಕಾನೂನು ಮಿಶ್ರರಕ್ತದವರೆಂದು ಗುರುತಿಸಿದ 35 ವರ್ಷದೊಳಗಿನವರನ್ನು ಇಂಥ ವಸತಿಗಳಿಂದ ಹೊರಹಾಕಿತು. ಮನೆಮನೆಗಳು ಒಡೆದವು. ಕಾದಂಬರಿಯ ವನಭೋಜನಕ್ಕೆ 14 ವರ್ಷ ಮೊದಲು ನಡೆದದ್ದಿದು.

2017ರಲ್ಲಿ ಏಮಿ ಸ್ಪೈಯರ್ಸ್ ಎಂಬ ಕಲಾವಿದೆ ‘ಮಿರಾಂಡಾ ಮಸ್ಟ್ ಗೋ’ ಎಂಬ ಅಭಿಯಾನ ನಡೆಸಿದರು. ನಡೆಯದೇ ಇದ್ದ ಒಂದು ಕಣ್ಮರೆಗಾಗಿ ಪ್ರವಾಸಿಗರು ಇಲ್ಲಿ ಮಿರಾಂಡಾ ಎಂದು ಕೂಗುತ್ತಾರೆ, ನಿಜವಾಗಿ ನಡೆದ ಕಣ್ಮರೆಯನ್ನು ನೆನೆಯುವವರಿಲ್ಲ ಎಂಬುದು ಅವರ ವಾದದ ತಿರುಳು. ಇದನ್ನು ನಾನು ಒಪ್ಪುತ್ತೇನೆ, ಒಂದು ಮಾತು ಸೇರಿಸಿ. ಕಾದಂಬರಿಯಲ್ಲಿ ಆ ನೆಲದ ಮೂಲ ಜನರ ಪ್ರತಿನಿಧಿಯಾಗಿ ಬರುವವನು ಆ ಜಾಡುಗಾರ ಒಬ್ಬನೇ. ಅವನಿಗೆ ಅಲ್ಲಿ ಹೆಸರಿಲ್ಲ, ಮಾತಿಲ್ಲ. ಇದು ಕೃತಿಯ ಕೊರತೆ, ಸಂದೇಹವಿಲ್ಲ. ಆದರೆ ಯಾರನ್ನು ಹುಡುಕುತ್ತಾರೆ, ಯಾರನ್ನು ಹುಡುಕುವುದಿಲ್ಲ ಎಂಬ ಪ್ರಶ್ನೆಯನ್ನು ಓದುಗರ ಕೈಗೆ ಕೊಡುವುದೂ ಇದೇ ಕೃತಿಯ ಸಾರಾ. ಸ್ಪೈಯರ್ಸ್ ಎತ್ತಿದ ಪ್ರಶ್ನೆಯ ಬೀಜ ಕಾದಂಬರಿಯೊಳಗೇ ಇತ್ತು, ಮಿರಾಂಡಾಳ ಮೇಲೆ ನೆಟ್ಟ ಕಣ್ಣಿಗೆ ಅದು ಬೀಳಲಿಲ್ಲ.

17ನೆಯ, ಅಂದರೆ ಅಚ್ಚಾದ ಕೊನೆಯ ಅಧ್ಯಾಯ, 1913ರ ಫೆಬ್ರುವರಿ 14ರ ತಾರೀಖಿನ ಒಂದು ಪತ್ರಿಕಾ ವರದಿಯ ರೂಪದಲ್ಲಿದೆ. ಅಷ್ಟರಲ್ಲಿ ಮಿಸೆಸ್ ಆಪಲ್‌ಯಾರ್ಡ್ ಅದೇ ಬಂಡೆಯಿಂದ ಹಾರಿ ಸತ್ತಿದ್ದಾಳೆ, ಶಾಲೆ ಕಾಳ್ಗಿಚ್ಚಿಗೆ ಸುಟ್ಟುಹೋಗಿದೆ. ಆಲ್ಬರ್ಟ್ ಮೈಕೆಲ್ ಜೊತೆ ಕ್ವೀನ್ಸ್‌ಲ್ಯಾಂಡಿನ ದಾರಿ ಹಿಡಿದಿದ್ದಾನೆ. ಸತ್ತ ಹುಡುಗಿ ತನ್ನ ತಂಗಿಯೆಂಬುದು ಅವನಿಗೆ ತಿಳಿಯುವುದೇ ಇಲ್ಲ.

ಈ ಕಾದಂಬರಿಯನ್ನು ಕನ್ನಡಕ್ಕೆ ತರಲು ಹೊರಡುವವರಲ್ಲಿ ಒಂದು ಕೋರಿಕೆ. ನಮ್ಮ ಭಾಷೆಯಲ್ಲಿ ತಂಗಿಯಾದವಳು ಸಾಮಾನ್ಯವಾಗಿ ಅಣ್ಣನನ್ನು ಹೆಸರು ಹಿಡಿದು ಕರೆಯುವುದಿಲ್ಲ. ಸಾರಾಳ ಬಾಯಲ್ಲಿ ‘ಅಣ್ಣ’ ಎಂದು ಬರೆಯುವುದೇ ಸಹಜವೆನಿಸುತ್ತದೆ, ಕಿವಿಗೂ ಹಿತವಾಗುತ್ತದೆ. ಹಾಗೆ ಬರೆದರೆ ಆ ಇಬ್ಬರನ್ನು ಕೂಡಿಸುವ ಎಳೆಗಳಲ್ಲಿ ಮುಖ್ಯವಾದುದೇ ಕಡಿದುಹೋಗುತ್ತದೆ, ಕನ್ನಡದ ಓದುಗರೂ ಅವಳನ್ನು ಕಾಣದೆ ದಾಟಿಹೋಗುತ್ತಾರೆ. ‘ಬರ್ಟಿ’ ಎಂಬ ಹೆಸರನ್ನು ದಯವಿಟ್ಟು ಹಾಗೆಯೇ ಉಳಿಸಿ.